ಅಟ್ಟ ಗುಡಿಸುವ ಮೊದಲು

ಮೂಡಿಗೆರೆ, ಕಳಸದ ಕಡೆಯ ತೋಟಗಳಲ್ಲಿ ರೊಬಸ್ಟಾ ಕೊಯ್ಲು ಮುಗಿದು, ಕಣದ ಕಾಫಿ ಚೀಲ ಸೇರಿದ ಮೇಲೆ ಜನ ತಲೆ ಎತ್ತಿ ಮನೆಯ ಮಾಡು ನೋಡುತ್ತಾರೆ. ಜೂನ್ ಮಳೆಗೆ ಮೊದಲು ಸಿಗುವ ಬಿಡುವು ಅಷ್ಟೇ. ಹಿಂದೆ ಮನೆಯ ಆಳುಗಳೇ ಮಾಡುತ್ತಿದ್ದ ಅಟ್ಟದ ಕೆಲಸವನ್ನು ಈಗ ಗುತ್ತಿಗೆ ಹಿಡಿದವರಿಗೆ ಕೊಡುವುದು ಹೆಚ್ಚಾಗಿದೆ. ಹಳೆಯ ಹೆಂಚಿನ ಮನೆಯ ಒಡತಿಯೊಬ್ಬರು ಮತ್ತು ಆ ಕೆಲಸ ಮಾಡಿಸುವ ಮೇಸ್ತ್ರಿಯೊಬ್ಬರು ಜಗಲಿಯಲ್ಲಿ ಕೂತು ಆಡಿದ ಮಾತು ಇಲ್ಲಿದೆ.

ಮನೆಯವರು: ಏಣಿ ಹಾಕಿಸಿದೀನಿ ಮೇಸ್ತ್ರಿಗಳೇ. ಹಿಡಿಸೂಡಿ, ಬುಟ್ಟಿ, ಗೋಣಿಚೀಲ ಎಲ್ಲ ಅಲ್ಲೇ ಇದೆ. ಸಂಜೆಯೊಳಗೆ ಗುಡಿಸಿ ಮುಗಿಸಿದರೆ ಸಾಕು.

ಮೇಸ್ತ್ರಿ: ಹಿಡಿಸೂಡಿ ಇವತ್ತು ಬೇಡಮ್ಮ. ಇವತ್ತು ಟಾರ್ಚ್ ಹಿಡಿದು ನೋಡೋದು ಮಾತ್ರ. ಮೇಲೆ ಏನಿದೆ, ಯಾವ ಪ್ರಾಣಿ ಸೇರಿಕೊಂಡಿದೆ ಅಂತ ಗೊತ್ತಿಲ್ಲದೆ ಕೈ ಹಾಕಿದರೆ ಧೂಳು ನಮ್ಮ ಹುಡುಗರ ಎದೆ ಸೇರುತ್ತೆ, ಹೊರಗೆ ಹೋಗಬೇಕಾದ ಪ್ರಾಣಿ ಸಂದಿಯಲ್ಲಿ ಸಿಕ್ಕಿ ಸಾಯುತ್ತೆ, ನಿಮಗೆ ಬೇಕಾದ ಕಾಗದ ಬೆಂಕಿಗೆ ಬೀಳುತ್ತೆ.

ಮನೆಯವರು: ನೋಡೋಕೇನಿದೆ? ಎಲ್ಲ ನಮ್ಮತ್ತೆ ಕಾಲದ ಸಾಮಾನು. ತಾಮ್ರದ ಹಂಡೆ, ಮುರಿದ ತೊಟ್ಟಿಲು, ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಾಗಿದ್ದ ಕಾಲದ ಲೆಕ್ಕದ ಪುಸ್ತಕ. ಆಗಿನ ಒಂದೆರಡು ಡಬ್ಬಿಗಳೂ ಇರಬಹುದು.

ಮೇಸ್ತ್ರಿ: ಆ ಡಬ್ಬಿಗಳ ವಿಷಯ ಆಮೇಲೆ ಕೇಳ್ತೀನಿ. ಮೊದಲು ಹತ್ತಿ ಬರ್ತೀನಿ.

(ಸ್ವಲ್ಪ ಹೊತ್ತಾದ ಮೇಲೆ ಮೇಸ್ತ್ರಿ ಇಳಿದು ಬಂದು, ಹಳೇ ಪೇಪರಿನ ಹಾಳೆಯೊಂದನ್ನು ಜಗಲಿಯ ಮೇಲೆ ಬಿಡಿಸುತ್ತಾರೆ.)

ಮೇಸ್ತ್ರಿ: ಕೈ ಹಾಕಬೇಡಿ, ನಾನೇ ಕಡ್ಡಿಯಲ್ಲಿ ಒತ್ತಿ ತೋರಿಸ್ತೀನಿ. ಸ್ವಲ್ಪ ದೂರ ಕೂತ್ಕೊಳ್ಳಿ. ಈ ಉದ್ದನೆ ಕಾಳು ನೋಡಿ, ಒತ್ತಿದರೆ ಸುಲಭಕ್ಕೆ ಒಡೆಯಲ್ಲ. ಇದು ಇಲಿ ಹಿಕ್ಕೆ. ಪಕ್ಕದ್ದು ಹೆಚ್ಚುಕಮ್ಮಿ ಹಾಗೇ ಕಾಣುತ್ತೆ, ಆದರೆ ಕಡ್ಡಿ ತಾಗಿದ ಕೂಡಲೇ ಪುಡಿ. ಆ ಪುಡಿಯೊಳಗೆ ಮಿಣಮಿಣ ಅನ್ನೋದು ಹುಳದ ರೆಕ್ಕೆಯ ಚೂರು. ಅಂದರೆ ಬಾವಲಿ. ಈ ಮೂರನೇದು ನಾನು ಹೇಳೋದೇ ಬೇಡ.

ಮನೆಯವರು: ಇಡೀ ಕಾಫಿ ಬೀಜ! ಹಣ್ಣು ತಿಂದು ಬೀಜ ಹಾಗೇ ಬಿಟ್ಟಿದೆ. ಕಬ್ಬೆಕ್ಕು. ರಾತ್ರಿ ಮೇಲೆ ದಡಬಡ ಅನ್ನೋದು ಇದೇ ಹಾಗಾದರೆ. ನಾನು ಇಲಿ ಅಂದ್ಕೊಂಡು ಪೇಟೆಯಿಂದ ವಿಷದ ಕೇಕ್ ತರಿಸಿ ಇಟ್ಟಿದೀನಲ್ಲ.

ಮೇಸ್ತ್ರಿ: ಅದನ್ನ ಈಗಲೇ ತೆಗೆಸಿಬಿಡಿ. ಈಗಿನ ಇಲಿ ವಿಷ ಬಹಳಷ್ಟು ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಜಾತಿಯದು. ತಿಂದ ಇಲಿ ಅಲ್ಲೇ ಸಾಯಲ್ಲ, ಕೆಲವು ದಿನ ಓಡಾಡಿಕೊಂಡೇ ಇರುತ್ತೆ. ಅಷ್ಟರೊಳಗೆ ಗೂಬೆ ಹಿಡಿದರೆ ಗೂಬೆಗೆ ವಿಷ, ಕೇರೆಹಾವು ನುಂಗಿದರೆ ಕೇರೆಗೂ ವಿಷ. ಇಲಿ ಹಿಡಿಯೋ ಪ್ರಾಣಿಗಳನ್ನೇ ಕೊಂದರೆ ಮುಂದಿನ ವರ್ಷ ಇಲಿ ಇನ್ನೂ ಜಾಸ್ತಿ. ಉಳಿದ ಇಲಿ ಗೋಡೆ ಸಂದಿಯಲ್ಲಿ ಸತ್ತು ನಾತ ಬಂದರೆ ಹಲಗೆ ಕೀಳದೆ ತೆಗೆಯೋಕೂ ಆಗಲ್ಲ. ಕಬ್ಬೆಕ್ಕಿಗಂತೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅದನ್ನ ಕೊಂದರೆ ಕೇಸಾಗುತ್ತೆ.

ಮನೆಯವರು: ನಾನು ಮದುವೆಯಾಗಿ ಬಂದಾಗ ಇವೆಲ್ಲ ಇರಲಿಲ್ಲ. ಅಡಿಗೆಮನೆಯ ಮೇಲೆ ಒಲೆಯ ಹೊಗೆ ತಾಗೋ ಅಟ್ಟ ಇತ್ತು. ತೊಲೆ ಮೇಲೆಲ್ಲ ಇಲ್ಲಣ ಮೆತ್ತಿಕೊಂಡು ಕಪ್ಪಗೆ ಹೊಳೀತಿತ್ತು. ಬಿತ್ತನೆ ಬೀಜ, ಒಣಮೆಣಸು, ಹುಣಸೆ, ಉಪ್ಪಿನಕಾಯಿ ಭರಣಿ, ಎಲ್ಲ ಅಲ್ಲೇ. ಯಾವುದಕ್ಕೂ ಹುಳ ಬೀಳ್ತಿರಲಿಲ್ಲ.

ಮೇಸ್ತ್ರಿ: ಹೊಗೆಯೇ ಕಾರಣ. ದಿನಾ ಬೆಳಗ್ಗೆ, ಸಂಜೆ ಹೊಗೆ ತಾಗಿದ ಮರಕ್ಕೆ ಕುಟ್ಟೆಹುಳ, ಗೆದ್ದಲು ಬೇಗ ಬರಲ್ಲ. ಒಲೆಯ ಕಾವು ಮಳೆಗಾಲದ ಥಂಡಿಯನ್ನೂ ಹೀರಿಕೊಳ್ತಿತ್ತು. ಗ್ಯಾಸ್ ಬಂತು, ಒಲೆ ಹೋಯ್ತು, ಅಟ್ಟ ತಣ್ಣಗಾಯ್ತು. ಈಗ ಜುಲೈ ತಿಂಗಳಲ್ಲಿ ಕೈಯಿಟ್ಟು ನೋಡಿ, ತೊಲೆ ಮುಟ್ಟಿದರೆ ಒದ್ದೆ. ಬೂಷ್ಟು ಬಂದ ಮೇಲೆ ಹುಳ ಬರೋದು ತಡವಾಗಲ್ಲ.

ಮನೆಯವರು: ಹಾಗಂತ ಮತ್ತೆ ಸೌದೆ ಒಲೆ ಹಚ್ಚು ಅಂತ ಮಾತ್ರ ಯಾರೂ ಹೇಳಬೇಡಿ. ಆ ಹೊಗೆ ತೊಲೆ ಉಳಿಸ್ತು ನಿಜ, ನಮ್ಮತ್ತೆ ಕಣ್ಣು, ಎದೆ ಎರಡನ್ನೂ ತಿಂತು. ಕಡೆ ವರ್ಷಗಳಲ್ಲಿ ಏಣಿಯ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರ್ತಿತ್ತು.

ಮೇಸ್ತ್ರಿ: ನಾನು ಹಾಗೆ ಹೇಳಲ್ಲಮ್ಮ. ಹೊಗೆ ಮಾಡ್ತಿದ್ದ ಕೆಲಸವನ್ನ ಈಗ ಗಾಳಿ ಮಾಡಬೇಕು. ಅದೇ ಇಲ್ಲಿ ತಪ್ಪಿರೋದು. ಹೆಂಚಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದಾರೆ, ಅದರ ಕೆಳಗೆ ಈ ಸೀಲಿಂಗ್ ಹೊಡೆದಿದಾರೆ. ಮಂಗಳೂರು ಹೆಂಚಿನ ಜೋಡಣೆಯಲ್ಲೇ ಗಾಳಿ ಓಡಾಡೋಕೆ ಸಂದಿ ಇರುತ್ತೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಆಮೇಲೆ ಆ ಹೆಂಚು ಘಾಟಿ ಹತ್ತಿ ನಮ್ಮ ಊರುಗಳಿಗೆಲ್ಲ ಬಂತು. ಇಷ್ಟು ಮಳೆ ಹೊಡೆಯೋ ಊರಲ್ಲಿ ಅದು ಇಷ್ಟು ಕಾಲ ನಿಂತಿರೋದು ನೀರನ್ನ ಇಳಿಸಿ, ಒಳಗಿನ ತೇವವನ್ನ ಹೊರಗೆ ಬಿಡೋದರಿಂದ. ನೀವು ಅಡಿಯಲ್ಲಿ ಪ್ಲಾಸ್ಟಿಕ್ ಕಟ್ಟಿದರೆ ಇಳಿಯೋ ನೀರೂ ಅಲ್ಲೇ, ಏಳೋ ತೇವವೂ ಅಲ್ಲೇ. ರೀಪು ಒಳಗಿಂದೊಳಗೇ ಕೊಳೆಯುತ್ತೆ. ಕೆಳಗಿಂದ ನೋಡಿದರೆ ಬೆಳ್ಳಗೆ ಸೀಲಿಂಗ್ ಕಾಣುತ್ತೆ.

ಮನೆಯವರು: ಆ ಹಾಳೆ ಹಾಕಿಸಿದ್ದು ಮಂಗಗಳ ಕಾಟಕ್ಕೆ. ಹೆಂಚಿನ ಮೇಲೆ ಹಾರಿ ಹಾರಿ ಒಡೀತಿದ್ದವು, ಪ್ರತಿ ಮಳೆಗೂ ಸೋರಿಕೆ. ಹೆಂಚು ಕೈಯಾಡಿಸೋರು ಸಿಗದೆ ಹೋದಾಗ ಇದೊಂದೇ ದಾರಿ ಅನ್ನಿಸ್ತು.

ಮೇಸ್ತ್ರಿ: ನಿಮ್ಮ ಕಷ್ಟ ಸುಳ್ಳಲ್ಲ. ಒಂದು ಚದರ ಮಾಡಿಗೆ ಸುಮಾರು 150 ಹೆಂಚು ಬೇಕು. ನಿಮ್ಮಂಥ ಮನೆಗೆ ಸಾವಿರಗಟ್ಟಲೆ ಆಗುತ್ತೆ. ಒಂದೊಂದನ್ನೂ ಎತ್ತಿ, ಪಾಚಿ ಕೆರೆದು, ಒಡೆದಿದ್ದನ್ನ ಬದಲಿಸಿ ಮತ್ತೆ ಕೂರಿಸಬೇಕು ಅಂದರೆ ಕಸುಬು ಗೊತ್ತಿರೋ ಕೈ ಬೇಕು. ಆದರೆ ಆ ಕೆಲಸಕ್ಕೆ ಇನ್ನೊಂದು ಉಪಯೋಗ ಇತ್ತು, ಅದನ್ನ ನಾವು ಮರೆತುಬಿಟ್ವಿ. ವರ್ಷಕ್ಕೊಂದು ಸಲ ಹೆಂಚು ಎತ್ತಿದಾಗ ಅಟ್ಟಕ್ಕೆ ಬಿಸಿಲು ಬೀಳ್ತಿತ್ತು. ಯಾವ ರೀಪು ಮೆತ್ತಗಾಗಿದೆ, ಇಲಿ ಎಲ್ಲಿ ಗೂಡು ಕಟ್ಟಿದೆ ಅಂತ ಕಣ್ಣಿಗೆ ಕಾಣ್ತಿತ್ತು. ಭತ್ತ ಇಳಿಸೋರು, ಅಡಿಕೆ ಹತ್ತಿಸೋರು ದಿನಾ ಓಡಾಡ್ತಿದ್ದರು. ಜನ ಓಡಾಡೋ ಕಡೆ ಕಾಡುಪ್ರಾಣಿ ನೆಲೆ ಹೂಡಲ್ಲ. ಬಳಕೆ ನಿಂತ ಮೇಲೇ ಅಟ್ಟ ಕೆಟ್ಟಿದ್ದು.

ಮನೆಯವರು: ಸರಿ, ಹಾಗಾದರೆ ಈ ಬಾವಲಿಗಳನ್ನ ಮೊದಲು ಓಡಿಸಿ. ಹೊಗೆ ಹಾಕಿ, ಪಟಾಕಿ ಹೊಡೀರಿ, ಏನಾದರೂ ಮಾಡಿ. 2018ರಲ್ಲಿ ಕಲ್ಲಿಕೋಟೆಯಲ್ಲಿ ನಿಫಾ ಬಂದಾಗಿಂದ ನನಗೆ ಬಾವಲಿ ಅಂದರೆ ಜೀವ ನಡುಗುತ್ತೆ.

ಮೇಸ್ತ್ರಿ: ನಿಫಾ ವೈರಸ್ ಇರೋದು ಹಣ್ಣು ತಿನ್ನೋ ದೊಡ್ಡ ಬಾವಲಿಯಲ್ಲಿ. ಅವು ಆಲದ ಮರ, ಅರಳಿ ಮರದಲ್ಲಿ ಗುಂಪಾಗಿ ನೇತಾಡೋವು. ನಿಮ್ಮ ಅಟ್ಟದಲ್ಲಿರೋದು ಹೆಬ್ಬೆರಳು ಗಾತ್ರದ್ದು, ಹುಳ ತಿಂದು ಬದುಕೋ ಜಾತಿ. ಪುಡಿಯಲ್ಲಿ ರೆಕ್ಕೆ ಚೂರು ನೋಡಿದ್ರಲ್ಲ. ರಾತ್ರಿ ತೋಟದ ಮೇಲೆ ಹಾರಾಡಿ ಸೊಳ್ಳೆ, ಪತಂಗ ಹಿಡಿಯೋವು ಇವೇ. ಹಿಂದೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ಬಾವಲಿಯನ್ನ ಕಾಗೆ, ಇಲಿ ಜೊತೆ ಉಪದ್ರವದ ಪಟ್ಟಿಗೆ ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಹಾಗಂತ ಅವು ಮನೆಯೊಳಗೆ ಇರಲಿ ಅಂತ ನಾನು ಹೇಳ್ತಿಲ್ಲ. ಹೊರಗೆ ಕಳಿಸೋ ರೀತಿ ಬೇರೆ ಇದೆ.

ಮನೆಯವರು: ಹೇಗೆ?

ಮೇಸ್ತ್ರಿ: ಮುಸ್ಸಂಜೆ ಹೊತ್ತಲ್ಲಿ ಅಂಗಳದಲ್ಲಿ ನಿಂತು, ಯಾವ ಕಂಡಿಯಿಂದ ಹೊರಗೆ ಬರ್ತವೆ ಅಂತ ಗುರುತು ಮಾಡಿಕೊಳ್ಳಬೇಕು. ಉಳಿದ ಕಂಡಿಗಳನ್ನೆಲ್ಲ ಮೊದಲು ಮುಚ್ಚಬೇಕು. ಅವು ಬರೋ ಕಂಡಿಯ ಮೇಲೆ ಸಣ್ಣ ಕಣ್ಣಿನ ಬಲೆ ಇಳಿಬಿಡಬೇಕು. ಮೇಲೆ, ಪಕ್ಕದಲ್ಲಿ ಬಿಗಿ, ಕೆಳಗೆ ಸಡಿಲ. ಹೊರಗೆ ಬರೋ ಬಾವಲಿ ಬಲೆಯ ಒಳಗಿಂದ ಜಾರಿ ಕೆಳಗಿಂದ ಹಾರುತ್ತೆ, ವಾಪಸ್ ಬಂದಾಗ ದಾರಿ ಸಿಗಲ್ಲ. ಕೆಲವು ದಿನ ಹಾಗೇ ಬಿಟ್ಟು, ಒಳಗೆ ಯಾವುದೂ ಉಳಿದಿಲ್ಲ ಅಂತ ನೋಡಿ ಆಮೇಲೆ ಆ ಕಂಡಿಯನ್ನೂ ಮುಚ್ಚೋದು. ಒಂದೇ ಒಂದು ಷರತ್ತು. ಹಾರಲಾರದ ಮರಿಗಳು ಇರುವಾಗ ಇದನ್ನ ಮಾಡೋ ಹಾಗಿಲ್ಲ. ತಾಯಿ ಹೊರಗೆ, ಮರಿ ಒಳಗೆ ಆದರೆ ಮರಿಗಳೆಲ್ಲ ಅಲ್ಲೇ ಸಾಯ್ತವೆ. ಮರಿ ಕಂಡರೆ ಕಾಯೋದೇ ಸರಿ. ಯಾರಿಗಾದರೂ ಬಾವಲಿ ಕಚ್ಚಿದರೆ, ಪರಚಿದರೆ ಮಾತ್ರ ತಡಮಾಡದೆ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಬೇಕು.

ಮನೆಯವರು: ಇಷ್ಟೆಲ್ಲ ಆದ ಮೇಲೆ ಗುಡಿಸೋದು ತಾನೇ?

ಮೇಸ್ತ್ರಿ: ಆಗಲೂ ಒಣಗುಡಿಸೋದು ಇಲ್ಲಮ್ಮ. ಬಾವಲಿ, ಪಾರಿವಾಳದ ಹಿಕ್ಕೆ ಸೇರಿದ ಮಣ್ಣಲ್ಲಿ ಹಿಸ್ಟೊಪ್ಲಾಸ್ಮಾ ಅನ್ನೋ ಶಿಲೀಂಧ್ರ ಬೆಳೆಯಬಹುದು. ಒಣಗಿದ್ದನ್ನ ಕೆದಕಿದರೆ ಅದರ ಕಣ ಗಾಳಿಗೆ ಏಳುತ್ತೆ. ಉಸಿರಲ್ಲಿ ಶ್ವಾಸಕೋಶ ಸೇರಿದರೆ ಜ್ವರ, ಕೆಮ್ಮು. ಕೆಲವರಿಗೆ ನೋಡೋಕೆ ಕ್ಷಯದ ಹಾಗೇ ಕಾಣುತ್ತೆ. ಅದಕ್ಕೆ ಮೊದಲು ಕೈಪಂಪಿನಲ್ಲಿ ಮಂಜಿನ ಹಾಗೆ ನೀರು ಹೊಡೆದು ನೆನೆಸ್ತೀವಿ. ಧೂಳು ಏಳದಷ್ಟು, ಹಲಗೆ ಕೆಳಗೆ ಸೋರದಷ್ಟು. ಆಮೇಲೆ ಮೊಂಡ ಸಲಿಕೆಯಲ್ಲಿ ಕೆರೆದು ಎರಡೆರಡು ಚೀಲದಲ್ಲಿ ಕಟ್ಟಿ ಇಳಿಸ್ತೀವಿ. ಇಲಿ ಹಿಕ್ಕೆ, ಇಲಿ ಉಚ್ಚೆಯ ಜಾಗಕ್ಕೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹೊಡೆದು, ಐದು ನಿಮಿಷ ಬಿಟ್ಟು ಒರೆಸ್ತೀವಿ.

ಮನೆಯವರು: ಬ್ಲೀಚ್ ಜೊತೆ ಬಚ್ಚಲು ತೊಳೆಯೋ ಆಸಿಡ್ಡೂ ಸೇರಿಸಿದರೆ ಇನ್ನೂ ಚೊಕ್ಕ ಆಗುತ್ತಲ್ಲ?

ಮೇಸ್ತ್ರಿ: ಅಯ್ಯೋ, ಅದು ಮಾತ್ರ ಬೇಡ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತೆ. ಕಿಟಕಿ ಇಲ್ಲದ ಅಟ್ಟದಲ್ಲಿ ಬಗ್ಗಿ ಕೂತವನಿಗೆ ಎದ್ದು ಬರೋಕೂ ಆಗಲ್ಲ.

ಮನೆಯವರು: ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದಾ? ನಮ್ಮ ಆಳುಗಳು ಅಷ್ಟೇ ಮಾಡ್ತಿದ್ದರು.

ಮೇಸ್ತ್ರಿ: ಮಾಡ್ತಿದ್ದರು, ಆಮೇಲೆ ತಿಂಗಳುಗಟ್ಟಲೆ ಕೆಮ್ತಿದ್ದರು, ಯಾರೂ ಅದನ್ನ ಅಟ್ಟದ ಲೆಕ್ಕಕ್ಕೆ ಬರೀಲಿಲ್ಲ. ಟವೆಲ್ ದೊಡ್ಡ ಕಸ ತಡೆಯುತ್ತೆ, ಸಣ್ಣ ಕಣ ತಡೆಯಲ್ಲ. ಎನ್-95 ಮಾಸ್ಕು, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವುಸು, ಮೈಮುಚ್ಚೋ ಬಟ್ಟೆ ಇಲ್ಲದೆ ನಮ್ಮ ಹುಡುಗರನ್ನ ನಾನು ಹತ್ತಿಸಲ್ಲ. ನನ್ನ ರೇಟು ಜಾಸ್ತಿ ಅಂತ ನಿಮಗೆ ಅನ್ನಿಸಿದ್ದರೆ ಅದರಲ್ಲಿ ಒಂದು ಪಾಲು ಇದಕ್ಕೆ ಹೋಗುತ್ತೆ. ಅರ್ಧ ರೇಟಿಗೆ ಬರೋರು ಇದಾರೆ. ಅವರು ಉಳಿಸೋದು ಇದನ್ನೇ.

ಮನೆಯವರು: ಆ ಮಾತಿಗೆ ನಾನು ಚೌಕಾಸಿ ಮಾಡಲ್ಲ ಬಿಡಿ. ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು ಕಾಯಿಸಿರ್ತೀನಿ. ಕೆಲಸ ಮುಗಿಸಿ ಸ್ನಾನ ಮಾಡಿಯೇ ಊಟಕ್ಕೆ ಕೂರಲಿ.

ಮೇಸ್ತ್ರಿ: ಅದು ದೊಡ್ಡ ಉಪಕಾರ. ಬಟ್ಟೆಯನ್ನೂ ಇಲ್ಲೇ ನೆನೆಸಿ ಹೋಗ್ತಾರೆ, ಮನೆಗೆ ಧೂಳು ಹೊತ್ತುಕೊಂಡು ಹೋಗೋದು ತಪ್ಪುತ್ತೆ. ಇನ್ನೊಂದು ವಿಷಯ. ಕೆಲಸದ ದಿನ ಕರೆಂಟಿನ ಮೇನ್ ಆಫ್ ಇರಬೇಕು. ಮೇಲೆ ವೈರನ್ನ ಇಲಿ ತಾಮ್ರ ಕಾಣೋವರೆಗೆ ಕಡಿದಿದೆ. ಒಣ ಕಸದ ಮೇಲೆ ಅದು ಬಿದ್ದಿತ್ತು. ಗುಡಿಸೋಕೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಹುಡುಗರು ತೊಲೆಯಿಂದ ತೊಲೆಗೆ ಹಲಗೆ ಹಾಕಿಕೊಂಡು ಅದರ ಮೇಲೆ ಮಾತ್ರ ನಡೀತಾರೆ. ನಿಮ್ಮ ಸೀಲಿಂಗ್ ಮನುಷ್ಯನ ಭಾರ ತಡೆಯಲ್ಲ. ಬೆಳಗ್ಗೆ ಬೇಗ ಶುರುಮಾಡಿ ಹೆಂಚು ಕಾಯೋಕೆ ಮೊದಲು ಇಳಿದುಬಿಡ್ತೀವಿ.

ಮನೆಯವರು: ಹಿಂದಿನ ಗೋಡೌನ್ ಮಾಡೂ ಇದರ ಜೊತೆಗೇ ಆಗಲಿ. ಸಿಮೆಂಟ್ ಶೀಟು, ಪಾಚಿ ಕಟ್ಟಿ ಕಪ್ಪಾಗಿದೆ. ತಂತಿ ಬ್ರಷ್ಷಲ್ಲಿ ಉಜ್ಜಿಬಿಡಿ.

ಮೇಸ್ತ್ರಿ: ಹಳೇ ಸಿಮೆಂಟ್ ಶೀಟಲ್ಲಿ ಕಲ್ನಾರು ಇರುತ್ತೆ. ಉಜ್ಜಿದರೆ, ಕೊರೆದರೆ, ಒಡೆದರೆ ಅದರ ಎಳೆ ಗಾಳಿಗೆ ಬರುತ್ತೆ, ಶ್ವಾಸಕೋಶಕ್ಕೆ ಹೋದ ಎಳೆ ಹೊರಗೆ ಬರಲ್ಲ. ಅದರಿಂದ ಕ್ಯಾನ್ಸರ್ ಬರೋದು ದಶಕಗಳ ಮೇಲೆ, ಆಗ ಯಾರಿಗೂ ಕಾರಣ ನೆನಪಿರಲ್ಲ. ಗಟ್ಟಿಯಾಗಿರೋ ಶೀಟನ್ನ ಮುಟ್ಟದೆ ಬಿಡೋದೇ ಒಳ್ಳೇದು. ಬದಲಾಯಿಸೋ ದಿನ ಬಂದರೆ ನೀರು ಹಾಕಿ, ಇಡಿಯಾಗಿ ಬಿಚ್ಚಿ ಇಳಿಸಬೇಕು. ಈಗ ನೀವು ಹೇಳಿದ ಡಬ್ಬಿಗಳ ವಿಷಯಕ್ಕೆ ಬರ್ತೀನಿ. ಮೂಲೆಯಲ್ಲಿ ತುಕ್ಕು ಹಿಡಿದ ತಗಡಿನ ಡಬ್ಬಿಗಳು, ಒಂದು ಚೀಲ ಬಿಳಿ ಪುಡಿ, ಇನ್ನೊಂದರಲ್ಲಿ ನೀಲಿ ಹರಳು ಇದೆ.

ಮನೆಯವರು: ನೀಲಿ ಹರಳು ಮೈಲುತುತ್ತ. ಸುಣ್ಣದ ಜೊತೆ ಬೋರ್ಡೊ ದ್ರಾವಣ ಮಾಡೋಕೆ ಇಟ್ಟಿದ್ದು. ಬಿಳಿ ಪುಡಿ ನಮ್ಮ ಮಾವ ಕಾಂಡಕೊರಕ ಬಂದ ಗಿಡಗಳಿಗೆ ಬಳಸ್ತಿದ್ದ ಬಿಎಚ್‌ಸಿ ಇರಬೇಕು. ಆಗ ಅರೇಬಿಕಾ ಕಾಂಡಕ್ಕೆಲ್ಲ ಅದನ್ನೇ ಬಳೀತಿದ್ದದ್ದು.

ಮೇಸ್ತ್ರಿ: ಬಿಎಚ್‌ಸಿ ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧ ಆಯ್ತು. ಅದರ ಸಂಬಂಧಿ ಲಿಂಡೇನ್ ಬಳಸೋದು 2013ರಲ್ಲಿ ನಿಂತಿತು. ಎಂಡೋಸಲ್ಫಾನ್ ಅನ್ನ 2011ರಲ್ಲಿ ಸುಪ್ರೀಂ ಕೋರ್ಟ್ ತಡೀತು. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹೊಡೆದಿದ್ದರ ಫಲವನ್ನ ಅಲ್ಲಿನ ಮಕ್ಕಳು ಅನುಭವಿಸಿದ್ದು ನಿಮಗೂ ಗೊತ್ತು. ಕಾನೂನಲ್ಲಿ ಇವು ಮುಗಿದುಹೋದವು, ಹಳೇ ಅಟ್ಟಗಳಲ್ಲಿ ಉಳಿದಿರಬಹುದು. ಇಂಥ ಪುಡಿ ವರ್ಷಗಟ್ಟಲೆ ಕೆಡಲ್ಲ.

ಮನೆಯವರು: ಹಳ್ಳದ ಪಕ್ಕ ಗುಂಡಿ ತೋಡಿ ಹೂತುಬಿಟ್ಟರೆ?

ಮೇಸ್ತ್ರಿ: ಮೊದಲ ಮಳೆಗೇ ಹಳ್ಳಕ್ಕೆ ಬರುತ್ತೆ. ನಮ್ಮ ಹಳ್ಳ ಎಲ್ಲಿಗೆ ಹೋಗುತ್ತೆ ನೋಡಿ. ಕಳಸದ ಕಡೆಯದು ಭದ್ರೆಗೆ, ಜಾವಳಿಯ ಕಡೆಯದು ಹೇಮಾವತಿಗೆ. ಕೆಳಗೆ ಎಷ್ಟು ಊರು ಆ ನೀರು ಕುಡಿಯುತ್ತೆ! ಸುಡೋದೂ ತಪ್ಪು, ಹೊಗೆಯೇ ವಿಷ. ಡಬ್ಬಿ ಬಿಚ್ಚದೆ, ಸೋರೋದನ್ನ ಗಟ್ಟಿ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಇಟ್ಟು, ಮೇಲೆ ದೊಡ್ಡದಾಗಿ ವಿಷ ಅಂತ ಬರೆದು ಬೀಗ ಹಾಕಿ. ಕೃಷಿ ಇಲಾಖೆಯವರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೆ ಕಾಗದ ಬರೆದು, ಅಪಾಯಕಾರಿ ತ್ಯಾಜ್ಯ ತಗೊಳ್ಳೋರಿಗೆ ಒಪ್ಪಿಸೋ ದಾರಿ ಕೇಳಿ. ತಡ ಆಗಬಹುದು. ಆದರೂ ನೀರಿಗೆ ಸೇರಿಸಬೇಡಿ.

ಮನೆಯವರು: ಆಯ್ತು, ಕಾಗದ ನಾನೇ ಬರೀತೀನಿ. ಹಳೇ ಲೆಕ್ಕದ ಪುಸ್ತಕ, ಕಾಗದದ ಗಂಟುಗಳನ್ನಾದರೂ ಸುಡಬಹುದಲ್ಲ?

ಮೇಸ್ತ್ರಿ: ಸುಡೋಕೆ ನಾನು ಕೈ ಹಾಕಲ್ಲ. ನನಗೆ ಅದರ ಬೆಲೆ ಗೊತ್ತಾಗಲ್ಲ, ನಿಮಗೆ ಗೊತ್ತಾಗುತ್ತೆ. ಎಲ್ಲ ಒಂದು ಕಡೆ ಇಳಿಸಿಕೊಡ್ತೀನಿ, ಬಿಚ್ಚಿ ನೋಡೋದು ನಿಮ್ಮ ಕೆಲಸ.

ಮನೆಯವರು: ಆ ಮಾತು ಒಪ್ಪಿದೆ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದಾಗ ಕಾಫಿ ತೋಟಕ್ಕೆ ವಿನಾಯಿತಿ ಇತ್ತು, ಗದ್ದೆಗೆ ಇರಲಿಲ್ಲ. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯಲ್ಲಿ ಕೇಸು ನಡೆದು, ಎಷ್ಟೋ ಮನೆಗಳ ಗದ್ದೆ ಕೈ ಬದಲಾಯ್ತು. ಆ ಆದೇಶದ ಪ್ರತಿ ಗೇಣಿ ಮಾಡಿದವರ ಮನೆಯಲ್ಲೂ ಇರಬೇಕು, ಒಡೆಯರ ಮನೆಯಲ್ಲೂ ಇರಬೇಕು. ಮೊಮ್ಮಕ್ಕಳು ಪೋಡಿ ಮಾಡಿಸೋಕೆ ಹೋದಾಗ ಅದೇ ಕಾಗದ ಕೇಳ್ತಾರೆ. ಬಗರ್‌ಹುಕುಂ ಅರ್ಜಿ ಹಾಕಿದ ಬಡವರಿಗಂತೂ ಹಳೇ ಕಂದಾಯದ ರಸೀದಿ, ದಂಡದ ರಸೀದಿಯೇ ಆಧಾರ. ಲೈನ್ ಮನೆಯಲ್ಲಿದ್ದು ತಲೆತಲಾಂತರ ದುಡಿದವರ ಹೆಸರು ನಮ್ಮ ಹಳೇ ಚೆಕ್‌ರೋಲಲ್ಲಿ ಬಿಟ್ಟರೆ ಬೇರೆ ಎಲ್ಲಿದೆ?

ಮೇಸ್ತ್ರಿ: ನನ್ನ ಅಜ್ಜಿ ಹೆಸರೂ ಯಾವುದೋ ತೋಟದ ಚೆಕ್‌ರೋಲಲ್ಲೇ ಇರಬೇಕಮ್ಮ. ನಮ್ಮ ಕೈಯಲ್ಲಿ ಬೇರೆ ದಾಖಲೆ ಇಲ್ಲ.

ಮನೆಯವರು: ಹಾಗಾದರೆ ಅವನ್ನ ಬೆಂಕಿಗೆ ಹಾಕೋ ಹಕ್ಕು ನನ್ನೊಬ್ಬಳದೇ ಅಲ್ಲ. ನಮ್ಮ ಜಿಲ್ಲೆಯಲ್ಲೇ ಇನ್ನೊಂದು ದೊಡ್ಡ ಉದಾಹರಣೆ ಇದೆ. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನ ಲೂಟಿ ಮಾಡಿದ ಮೇಲೆ, ಟಿಪ್ಪು ಸುಲ್ತಾನ್ ಮಠದ ಸ್ವಾಮಿಗಳಿಗೆ ಕಾಗದ ಬರೆದು, ದೇವಿಯ ಪ್ರತಿಷ್ಠೆಗೆ ಹಣ, ಸಾಮಗ್ರಿ ಕಳಿಸಿದ್ದ. ಆ ಕಾಗದಗಳ ಕಟ್ಟು ಮಠದಲ್ಲಿ ಸುಮ್ಮನೆ ಇತ್ತು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದ ಮೇಲೆ ಲೋಕಕ್ಕೆ ಗೊತ್ತಾಯ್ತು. ನೂರಿಪ್ಪತ್ತೈದು ವರ್ಷದಲ್ಲಿ ಯಾರಾದರೂ ಒಬ್ಬರು ಹಳೇ ಕಸ ಅಂತ ಒಲೆಗೆ ಹಾಕಿದ್ದರೆ ಚರಿತ್ರೆಯ ಒಂದು ಪುಟವೇ ಹೋಗ್ತಿತ್ತು.

ಮೇಸ್ತ್ರಿ: ಮೇಲೆ ಒಂದು ಕರೀ ಬಟ್ಟೆಯ ಪುಸ್ತಕ ಇದೆ. ಮಡಿಕೆ ಮಡಿಕೆಯಾಗಿದೆ, ಬಿಳಿ ಅಕ್ಷರ. ಸ್ಲೇಟಿನ ಮೇಲೆ ಬರೆದ ಹಾಗಿದೆ.

ಮನೆಯವರು: ಕಡತ! ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಬಳಪದಲ್ಲಿ ಬರೀತಿದ್ದರು. ಶೃಂಗೇರಿ ಮಠದ ಹಳೇ ಲೆಕ್ಕಪತ್ರ ಎಲ್ಲ ಅಂಥ ಕಡತಗಳಲ್ಲೇ ಇರೋದು. ಅದನ್ನ ಒರೆಸಬೇಡಿ ಮೇಸ್ತ್ರಿಗಳೇ, ಒದ್ದೆ ಬಟ್ಟೆ ತಾಗಿದರೆ ಅಕ್ಷರವೇ ಹೋಗುತ್ತೆ. ನೀರು ಹೊಡೆಯೋಕೆ ಮೊದಲು ಅದನ್ನ ಇಳಿಸಬೇಕು.

ಮೇಸ್ತ್ರಿ: ಇದಕ್ಕೇ ಅಮ್ಮ, ಮನೆಯವರು ಕೆಳಗೆ ನಿಂತಿರಬೇಕು ಅನ್ನೋದು. ನನಗೆ ಗೊತ್ತಿದ್ದದ್ದು ನೀರು ಹೊಡೆಯೋದು. ನೀವಿಲ್ಲದೆ ಹೋಗಿದ್ದರೆ ಅದರ ಮೇಲೂ ಹೊಡೀತಿದ್ವಿ. ಹಾಗಾದರೆ ಕ್ರಮ ಬದಲಾಯಿಸೋಣ. ಮೊದಲು ಕಾಗದ, ಪುಸ್ತಕ, ಕಡತ ಇಳಿಸೋದು, ಆಮೇಲೆ ನೀರು.

ಮನೆಯವರು: ನೆರಳಲ್ಲಿ, ಗಾಳಿಯಾಡೋ ಕಡೆ ಚಾಪೆ ಹಾಸಿ ಹರಡ್ತೀನಿ. ನೇರ ಬಿಸಿಲಿಗೆ ಹಾಕಲ್ಲ. ಓಲೆಗರಿ ಸಿಕ್ಕರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ, ಸಾಗರದ ಹತ್ತಿರದ ಕೆಳದಿ ವಸ್ತುಸಂಗ್ರಹಾಲಯಕ್ಕೋ ತೋರಿಸ್ತೀನಿ. ನೋಡಿ ಆದ ಮೇಲೆ ಬೇಡದ್ದು ಬೇಡ ಅಂತ ನಾನೇ ಹೇಳ್ತೀನಿ. ಮುರಿದ ಪ್ಲಾಸ್ಟಿಕ್ ಕುರ್ಚಿ, ಹಳೇ ಹಾಸಿಗೆ, ಟೀವಿ ಡಬ್ಬ ಇಟ್ಟುಕೊಳ್ಳೋ ಆಸೆ ನನಗಿಲ್ಲ.

ಮೇಸ್ತ್ರಿ: ಹಾಸಿಗೆಯೇ ಮೊದಲು ಹೋಗಬೇಕು, ಇಲಿ ಗೂಡು ಅದರೊಳಗಿದೆ. ಇನ್ನು ಒಂದು ವಿಷಯ ಕಡೆಗೆ ಹೇಳೋಣ ಅಂತಿದ್ದೆ. ಪಶ್ಚಿಮದ ಮೂಲೆಯಲ್ಲಿ ಗೋಡೆ ಸಂದಿಯೊಳಗೆ ತುಡುವೆ ಜೇನಿದೆ.

ಮನೆಯವರು: ಹೊಗೆ ಹಾಕಿ ಕಿತ್ತುಬಿಡಿ. ಮೊಮ್ಮಗುವಿಗೆ ಕಚ್ಚಿದರೆ?

ಮೇಸ್ತ್ರಿ: ಕಿತ್ತರೆ ಒಂದಿಷ್ಟು ತುಪ್ಪ ಸಿಗುತ್ತೆ, ಕುಟುಂಬ ಹಾಳಾಗ್ತದೆ. ಸಂದಿಯಲ್ಲಿ ಉಳಿದ ಮೇಣಕ್ಕೆ ಇರುವೆ, ಹುಳ ಬರ್ತವೆ. ನಿಮ್ಮದು ರೊಬಸ್ಟಾ ತೋಟ. ರೊಬಸ್ಟಾ ಗಿಡದ ಹೂವಿಗೆ ಅದರದೇ ಪರಾಗ ಸಾಲದು, ಬೇರೆ ಗಿಡದ್ದು ಬರಬೇಕು. ಗಾಳಿ ಒಂದಿಷ್ಟು ತರುತ್ತೆ, ಜೇನು ಒಂದಿಷ್ಟು ತರುತ್ತೆ. ಹೂಮಳೆ ಬಿದ್ದು ತೋಟ ಬೆಳ್ಳಗಾಗೋ ಆ ಕೆಲವೇ ದಿನ ಜೇನಿನ ಕುಟುಂಬ ಹತ್ತಿರ ಇದ್ದರೆ ಫಸಲಿಗೆ ಒಳ್ಳೇದು. ತುಡುವೆ ಪೆಟ್ಟಿಗೆಗೆ ಒಗ್ಗೋ ಜೇನು. ಗೊತ್ತಿರೋರನ್ನ ಕರೆಸಿ ರಾಣಿ ಸಮೇತ ಪೆಟ್ಟಿಗೆಗೆ ಕೂರಿಸಿ, ತೋಟದಲ್ಲಿಟ್ಟರೆ ಮನೆಗೂ ಕ್ಷೇಮ, ತೋಟಕ್ಕೂ ಲಾಭ.

ಮನೆಯವರು: ಈಗ ನಿಮ್ಮ ಕೆಲಸ ಅರ್ಥ ಆಯ್ತು. ಬಾವಲಿ, ಜೇನು, ಗೂಬೆ, ಕೇರೆ, ಎಲ್ಲ ತೋಟಕ್ಕೆ ಬೇಕಾದವೇ. ಮನೆಯೊಳಗೆ ಬಂದು ಕೂತಿರೋದು ತೊಂದರೆ. ಕೊಲ್ಲದೆ ಅವುಗಳ ಜಾಗಕ್ಕೆ ಕಳಿಸಿ, ಬಾಗಿಲು ಹಾಕಬೇಕು.

ಮೇಸ್ತ್ರಿ: ಬಾಗಿಲು ಹಾಕೋದರಲ್ಲೇ ಅರ್ಧ ಕೆಲಸ. ಕಾಲು ಅಂಗುಲ ಸಂದಿ ಇದ್ದರೆ ಸುಂಡಿಲಿ ನುಗ್ಗುತ್ತೆ, ಅರ್ಧ ಅಂಗುಲ ಇದ್ದರೆ ಹೆಗ್ಗಣದ ಮರಿ, ಇಲಿ ನುಗ್ಗುತ್ತೆ. ಸೂರಿನ ಕೆಳಗೆ, ಪೈಪು ಹಾಯ್ದ ಕಡೆ, ಗೋಡೆ ಮತ್ತು ತೊಲೆ ಸೇರೋ ಕಡೆ ಸ್ಟೀಲ್ ನಾರು ತುರುಕಿ ಗಾರೆ ಹಾಕಬೇಕು. ಮಾಡಿಗೆ ತಾಗೋ ಕೊಂಬೆ ಕಡಿಯಬೇಕು, ಕಬ್ಬೆಕ್ಕಿಗೂ ಮಂಗಕ್ಕೂ ಅದೇ ಸೇತುವೆ. ಮಾಡಿನ ಎರಡೂ ತುದಿಯ ತ್ರಿಕೋನದ ಗೋಡೆಯಲ್ಲಿ ಒಂದೊಂದು ಕಿಂಡಿ ಬಿಟ್ಟು ಕಾಲಂಗುಲಕ್ಕಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆದರೆ ಗಾಳಿ ಆಡುತ್ತೆ, ಪ್ರಾಣಿ ಬರಲ್ಲ. ಆ ಪ್ಲಾಸ್ಟಿಕ್ ಹಾಳೆ ತೆಗೆಸಿ, ನಡುವೆ ಎರಡು ಗಾಜಿನ ಹೆಂಚು ಹಾಕಿಸಿ. ಬೆಳಕು ಬಿದ್ದ ಕಡೆ ಬಾವಲಿ ಇರೋಕೆ ಇಷ್ಟಪಡಲ್ಲ.

ಮನೆಯವರು: ಇಷ್ಟು ಮಾಡಿಸಿದರೆ ಮುಂದಿನ ವರ್ಷ ನಿಮ್ಮನ್ನ ಕರೆಯೋ ಅಗತ್ಯವೇ ಬರಲ್ಲವಲ್ಲ. ನಿಮ್ಮ ಹೊಟ್ಟೆಪಾಡು?

ಮೇಸ್ತ್ರಿ: ಹೊಲಸು ಬಾಚೋಕೆ ಕರೆಯೋದು ಬೇಡ, ಹೆಂಚು ಕೈಯಾಡಿಸೋಕೆ ಕರೀರಿ. ಒಂದು ಕಸುಬಿನ ಕೈಗೆ ವರ್ಷಾವರ್ಷ ಕೆಲಸ ಸಿಕ್ಕರೆ ಆ ಕಸುಬು ಉಳಿಯುತ್ತೆ, ಹುಡುಗರು ಕಲೀತಾರೆ. ಹತ್ತು ವರ್ಷ ಬಿಟ್ಟು ಒಂದು ದಿನ ಕರೆದರೆ ನಮಗೆ ಸಿಗೋದು ರೋಗ, ನಿಮಗೆ ಬರೋದು ದೊಡ್ಡ ಬಿಲ್ಲು.

ಮನೆಯವರು: ಹೋಂಸ್ಟೇ ಮಾಡೋರು ಈಗ ಅಟ್ಟವನ್ನೇ ಕೋಣೆ ಮಾಡಿ ಬಾಡಿಗೆಗೆ ಕೊಡ್ತಾರೆ. ನನ್ನ ಮಗನಿಗೂ ಆ ಯೋಚನೆ ಇದೆ.

ಮೇಸ್ತ್ರಿ: ಮಾಡಲಿ, ಅದು ಬಳಕೆಯೇ. ಆದರೆ ಹಲಗೆ ಹೊಡೆದು ಬಣ್ಣ ಬಳಿಯೋಕೆ ಮೊದಲು ಇವತ್ತು ಮಾತಾಡಿದ್ದೆಲ್ಲ ಮುಗಿದಿರಬೇಕು. ಒಳಗಿನ ಕೊಳೆಯನ್ನ ಹೊಸ ಹಲಗೆಯಿಂದ ಮುಚ್ಚಿದರೆ ಅದನ್ನ ಉಸಿರಾಡೋರು ಬಂದ ಅತಿಥಿಗಳು.

ಮನೆಯವರು: ಹಾಗಾದರೆ ಲೆಕ್ಕ ಹೇಳ್ತೀನಿ ಕೇಳಿ. ನಾಳೆ ಎಲೆಕ್ಟ್ರಿಷಿಯನ್ ಬರಲಿ. ಕಾಗದ, ಕಡತ ಇಳಿಸೋ ದಿನ ನಾನೂ, ಮಗಳೂ ಕೆಳಗೆ ಕೂತಿರ್ತೀವಿ. ಬಾವಲಿಗೆ ಮರಿ ಇದೆಯಾ ಅಂತ ನೀವು ನೋಡಿ ಹೇಳಿ, ಇದ್ದರೆ ಆ ಮೂಲೆ ಬಿಟ್ಟು ಉಳಿದದ್ದು ಮಾಡೋಣ. ವಿಷದ ಡಬ್ಬಿಗೆ ಬೀಗ ಹಾಕಿಸ್ತೀನಿ. ಹೂಮಳೆ ಬೀಳೋಕೆ ಮೊದಲು ಜೇನು ಪೆಟ್ಟಿಗೆಗೆ ಹೋಗಲಿ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸೋಕೆ ನಿಮ್ಮ ಹುಡುಗರೇ ಬರಲಿ, ಮುಂದಿನ ವರ್ಷವೂ ಅವರೇ.

ಮೇಸ್ತ್ರಿ: ಒಂದೇ ಒಂದು ಸೇರಿಸ್ತೀನಿ. ನಡುವೆ ಒಂದು ಸಲ, ಮಳೆ ಜೋರಾಗಿರೋ ಜುಲೈನಲ್ಲಿ, ನೀವೇ ಟಾರ್ಚ್ ಹಿಡಿದು ಏಣಿಯ ಮೇಲಿನ ಮೆಟ್ಟಿಲವರೆಗೆ ಹತ್ತಿ ನೋಡಬೇಕು. ಎಲ್ಲಿ ಒದ್ದೆ, ಎಲ್ಲಿ ಹೊಸ ಹಿಕ್ಕೆ, ಎಲ್ಲಿ ಹೆಂಚು ಸರಿದಿದೆ ಅಂತ ಗುರುತು ಮಾಡಿಟ್ಟರೆ ಸಾಕು. ಮೈಮುರಿದು ಮಾಡೋ ಕೆಲಸ ದುಡ್ಡು ಕೊಟ್ಟರೆ ಸಿಗುತ್ತೆ. ಆ ನೋಟ ಮಾತ್ರ ಮನೆಯವರದೇ ಆಗಬೇಕು.

ಮನೆಯವರು: ನೋಡ್ತೀನಿ. ಮಗನಿಗೂ ಹತ್ತಿ ನೋಡೋದನ್ನ ಕಲಿಸ್ತೀನಿ. ಮನೆ ಅವನದಾಗಬೇಕು ಅಂದರೆ ಅಟ್ಟದಲ್ಲಿ ಏನಿದೆ ಅಂತ ಅವನಿಗೆ ಗೊತ್ತಿರಬೇಕು.